ಭಾರ್ಗವಿ ಓದದ ಭಾಷಣ

ಫೋಟೋ ತೆಗೆಯುವವನು ಬಂದ ದಿನ ಓಬುಳಪತಿ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿ ನಿಂತಿದ್ದ. ಮಗಳು ಭಾರ್ಗವಿ ಕೆಲಸ ಮಾಡುತ್ತಿದ್ದ ಸಂಸ್ಥೆಯವರು ಹಿಂದೂಪುರದಿಂದ ಕಾರು ಮಾಡಿಕೊಂಡು, ಕುಂದುರ್ಪಿ ದಾಟಿ, ತಮ್ಮ ಹಳ್ಳಿಯವರೆಗೂ ಬರುತ್ತಾರೆ ಅಂದರೆ ಅವನಿಗೆ ಹೆಮ್ಮೆ. ಅವತ್ತು ಕುರಿಗಳನ್ನು ಮೇಯಲು ಹೊಡೆದಿರಲಿಲ್ಲ. ಎಂಬತ್ತಾರು ಕುರಿ, ಅದರಲ್ಲಿ ಮೂರು ಟಗರು. ಫೋಟೋದಲ್ಲಿ ಅವೂ ಬರಲಿ ಅಂತ ಮನೆ ಮುಂದೆಯೇ ನಿಲ್ಲಿಸಿಕೊಂಡಿದ್ದ.

ಫೋಟೋದವನು ಕುರಿಗಳನ್ನು ನೋಡಿದ, ತಾರಸಿ ಮನೆ ನೋಡಿದ, ತಲೆ ಅಲ್ಲಾಡಿಸಿದ. ಹಿತ್ತಲಿನಲ್ಲಿ ಚಪ್ಪರ ಕುಸಿದ ಹಳೇ ಕುರಿದೊಡ್ಡಿ ಒಂದಿತ್ತು. ಅಲ್ಲಿ ಕೂರಿ ಅಂದ. ದೊಡ್ಡಿಯ ಗೂಟಕ್ಕೆ, ಉಣ್ಣೆ ಕತ್ತರಿಸುವಾಗ ಮಾತ್ರ ಹಾಕಿಕೊಳ್ಳುವ ಹರಕು ಅಂಗಿ ನೇತುಬಿದ್ದಿತ್ತು. ಅದನ್ನು ಹಾಕಿಕೊಳ್ಳಿ, ಫೋಟೋ ಚೆನ್ನಾಗಿ ಬರುತ್ತದೆ ಅಂದ. ಮನೆಗೆ ಬಂದವರಿಗೆ ಇಲ್ಲ ಅನ್ನುವುದು ಓಬುಳಪತಿಗೆ ಗೊತ್ತಿರಲಿಲ್ಲ. ಇಸ್ತ್ರಿ ಶರಟು ಬಿಚ್ಚಿ, ಮಡಚಿ, ಹೆಂಡತಿ ಲಕ್ಷ್ಮಕ್ಕನ ಕೈಗೆ ಕೊಟ್ಟು, ಹರಕು ಅಂಗಿ ಹಾಕಿಕೊಂಡು ಕೂತ. ನಗಬೇಡಿ ಅಂದರು, ನಗಲಿಲ್ಲ. ನೆಲ ನೋಡಿ ಅಂದರು, ನೋಡಿದ.

ಭಾರ್ಗವಿ ಅವತ್ತು ಮನೆಯಲ್ಲಿರಲಿಲ್ಲ. ಅವಳು ಕಲ್ಯಾಣದುರ್ಗದಲ್ಲಿ ಬಿ.ಎಸ್ಸಿ. ಕೊನೇ ವರ್ಷ ಓದುತ್ತಿದ್ದಳು. ಡಿಸೆಂಬರ್‌ನಲ್ಲಿ ಹಿಂದೂಪುರದ ಆ ಸಂಸ್ಥೆ ನಾಲ್ಕು ಕಾಲೇಜುಗಳಿಂದ ಹನ್ನೆರಡು ಜನರನ್ನು ಸಂಬಳ ಕೊಟ್ಟು ಇಂಟರ್ನ್‌ಶಿಪ್ಪಿಗೆ ತೆಗೆದುಕೊಂಡಿತ್ತು. ಆರು ತಿಂಗಳು, ಚೆನ್ನಾಗಿ ಮಾಡಿದವರಿಗೆ ಇನ್ನೂ ಆರು ತಿಂಗಳು. ಕೆಲಸ ಏನೆಂದರೆ, ಪ್ರತಿಯೊಬ್ಬರೂ ತಮ್ಮ ಕಾಲೇಜಿನಲ್ಲಿ ಸರಿಯಿಲ್ಲದ ಯಾವುದಾದರೂ ಒಂದನ್ನು ಹಿಡಿದು, ಸರಿಯಾಗುವ ತನಕ ಬಿಡಬಾರದು. ಸಂಸ್ಥೆಯವರು ಅದನ್ನು ನಾಯಕತ್ವ ಅನ್ನುತ್ತಿದ್ದರು. ತಿಂಗಳಿಗೊಮ್ಮೆ ಹಿಂದೂಪುರದಲ್ಲಿ ತರಬೇತಿ. ಪ್ರತಿ ಶನಿವಾರ ಸಂಜೆ ಕೋಚ್ ಜೊತೆ ಫೋನಿನಲ್ಲಿ ಒಂದು ಗಂಟೆ ಮಾತು.

ಭಾರ್ಗವಿ ಹಿಡಿದದ್ದು ಬಸ್ಸನ್ನು. ಕಾಲೇಜಿನಲ್ಲಿ ಸೈನ್ಸ್‌ನವರಿಗೆ ಪ್ರಾಕ್ಟಿಕಲ್ಸ್ ಮುಗಿಯುವುದು ಐದಕ್ಕೆ. ಅವಳ ಊರಿನ ದಾರಿಗೆ ಹೋಗುವ ಚೌಡಣ್ಣನ ಖಾಸಗಿ ಬಸ್ಸು ಹೊರಡುವುದು ನಾಲ್ಕೂ ಕಾಲಿಗೆ. ಅದು ಹೋದರೆ ಮತ್ತೆ ಆತನದೇ ಇನ್ನೊಂದು ಬಸ್ಸು ಏಳೂವರೆಗೇ. ಕತ್ತಲಾದ ಮೇಲೆ ಬರುವ ಓದು ಬೇಡ ಅಂತ ಆ ದಾರಿಯ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬಿ.ಎ.ಗೆ ಸೇರಿಸುತ್ತಿದ್ದರು, ಇಲ್ಲವೆ ಸೈನ್ಸ್ ಸೇರಿದವರನ್ನು ಮೊದಲ ವರ್ಷಕ್ಕೇ ಬಿಡಿಸುತ್ತಿದ್ದರು. ಭಾರ್ಗವಿ ಉಳಿದುಕೊಂಡದ್ದು ಅವಳ ದೊಡ್ಡಮ್ಮ ಪೆದ್ದಕ್ಕ ಕಲ್ಯಾಣದುರ್ಗದಲ್ಲೇ ಇದ್ದುದರಿಂದ. ಅವಳ ಜೊತೆ ಸೇರಿದ ಒಂಬತ್ತು ಜನರಿಗೆ ಅಂಥ ದೊಡ್ಡಮ್ಮ ಇರಲಿಲ್ಲ. ಒಂಬತ್ತರಲ್ಲಿ ಒಬ್ಬಳೂ ಉಳಿಯಲಿಲ್ಲ.

ಅವಳ ಕೋಚ್ ರಮಾದೇವಿ. ಹಿಂದೂಪುರದ ನೂಲಿನ ಗಿರಣಿಯೊಂದರಲ್ಲಿ ದಾರ ಸುತ್ತುವ ಕೆಲಸಕ್ಕೆ ಸೇರಿ, ಇಪ್ಪತ್ತೆರಡು ವರ್ಷ ದುಡಿದು, ಕೊನೆಗೆ ಸೂಪರ್‌ವೈಸರ್ ಆಗಿದ್ದ ಹೆಂಗಸು. ಮೊದಲನೇ ಶನಿವಾರ ಭಾರ್ಗವಿ ಎಲ್ಲ ವಿವರಿಸಿ, ಈಗ ನಾನೇನು ಮಾಡಲಿ ಮೇಡಂ ಅಂದಿದ್ದಳು.

"ಅದನ್ನ ನಾನೇ ಹೇಳ್ಬುಟ್ರೆ ನಿನ್ನ ಸಂಬಳ ನನಗೆ ಬರಬೇಕಾಗ್ತದೆ ಕಣಮ್ಮ" ಅಂದರು ರಮಾದೇವಿ. "ಇನ್ನೂ ಯಾರನ್ನ ಕೇಳಿಲ್ಲ ನೀನು? ಅದು ಹೇಳು."

ಕೇಳದವರು ಬಹಳ ಜನ ಇದ್ದರು. ಪ್ರಿನ್ಸಿಪಾಲರನ್ನು ಕೇಳಿದಳು. ಇರುವುದು ಒಂದೇ ಲ್ಯಾಬು, ಎರಡು ಬ್ಯಾಚು, ಹೊತ್ತು ಹಿಂದೆಮುಂದೆ ಮಾಡಲು ಆಗುವುದಿಲ್ಲ ಅಂದರು. ಚೌಡಣ್ಣನನ್ನು ಕೇಳಿದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಆತ, ಹನ್ನೆರಡು ವರ್ಷದಿಂದ ನಾಲ್ಕೂ ಕಾಲಿಗೇ ಬಿಡುತ್ತಿದ್ದೇನೆ, ಸ್ಕೂಲು ಮಕ್ಕಳು ತುಂಬಿಕೊಳ್ಳುತ್ತಾರೆ ಅಂತ ಹೇಳಿ ಎದ್ದು ಹೋದ.

ಮೂರು ವಾರ ಭಾರ್ಗವಿ ಪ್ರಾಕ್ಟಿಕಲ್ಸ್ ಇಲ್ಲದ ದಿನವೆಲ್ಲ ನಾಲ್ಕೂ ಕಾಲಿನ ಅದೇ ಬಸ್ಸು ಹತ್ತಿ, ಊರಿನವರೆಗೆ ಹೋಗಿ, ಏಳೂವರೆ ಬಸ್ಸಿಗೆ ಕಾಯುವವರು ಯಾರ್‍ಯಾರು ಅಂತ ಇನ್ನೊಬ್ಬ ಹುಡುಗಿಯನ್ನು ನಿಲ್ಲಿಸಿ ಬರೆಸಿಕೊಂಡಳು. ಸ್ಕೂಲು ಮಕ್ಕಳು ಈಗ ಆಟೋಗಳಲ್ಲಿ ಹೋಗುತ್ತಿದ್ದರು. ನಾಲ್ಕೂ ಕಾಲಿನ ಬಸ್ಸಿನಲ್ಲಿ ಹದಿನೈದು ಜನ ಕೂತರೆ ಹೆಚ್ಚು. ಹೂವು, ಸೊಪ್ಪು ಮಾರುವ ಹೆಂಗಸರು ಐದಕ್ಕೆ ಬುಟ್ಟಿ ಖಾಲಿ ಮಾಡಿಕೊಂಡು, ಎರಡೂವರೆ ಗಂಟೆ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತಿರುತ್ತಿದ್ದರು. ಬಸ್ಸು ಐದೂ ಕಾಲಿಗೆ ಬಿಟ್ಟರೆ ಅವರೆಲ್ಲ ಹತ್ತುತ್ತಾರೆ. ಇಷ್ಟನ್ನೂ ಬರೆದುಕೊಂಡು ಹೋದಾಗ ಚೌಡಣ್ಣ ಕಾಗದವನ್ನು ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ.

"ನನ್ ಬಸ್ಸಲ್ಲಿ ಯಾರ್ ಕೂತವ್ರೆ ಅಂತ ನನಗೇ ಹೇಳ್ಕೊಡಾಕ್ ಬಂದ್ಯಾ?"

"ನೀವ್ ಟಿಕೆಟ್ ನೋಡ್ತೀರ ಮಾವ. ಟಿಕೆಟ್ ತಗಂಡಿಲ್ದೋರ್ನ ನಾನ್ ನೋಡ್ದೆ."

ಪರ್ಮಿಟ್ಟಿನಲ್ಲಿ ಟೈಮು ಬದಲಾಯಿಸಬೇಕು, ಅದು ಹುಡುಗಾಟವಲ್ಲ, ಹೆಂಗಸರ ಕೈಲಿ ಬರೆಸಿಕೊಂಡು ಬಾ, ನೋಡೋಣ ಅಂದ. ಅವಳು ಅರವತ್ತೊಂದು ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದಳು. ಅಷ್ಟಾದರೂ ಆತ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಮಾರ್ಚ್ ತಿಂಗಳು ಹೀಗೇ ಕಳೆಯಿತು.

ಏಪ್ರಿಲ್ ಕೊನೆಯಲ್ಲಿ ಹಿಂದೂಪುರದಲ್ಲಿ ಸಂಸ್ಥೆಯ ದೊಡ್ಡ ಕಾರ್ಯಕ್ರಮ. ಹಣ ಕೊಡುವವರು ಬೆಂಗಳೂರಿನಿಂದ, ಹೈದರಾಬಾದಿನಿಂದ ಬರುವವರಿದ್ದರು. ಸಂಸ್ಥೆ ನಡೆಸುವ ಜಯಚಂದ್ರ ಮೊದಲು ಬ್ಯಾಂಕಿನಲ್ಲಿದ್ದವರು. ಒಳ್ಳೇ ಕೆಲಸ ಬಿಟ್ಟು ಇದಕ್ಕೆ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಬಂದವರ ಕಣ್ಣಲ್ಲಿ ನೀರು ಬಾರದೆ ಮುಂದಿನ ವರ್ಷದ ಹಣ ಬರುವುದಿಲ್ಲ ಅನ್ನುವುದು ಅವರು ಕಂಡುಕೊಂಡ ಪಾಠ. ಹನ್ನೆರಡು ಜನರಲ್ಲಿ ಭಾರ್ಗವಿಯನ್ನು ಮಾತಾಡಲು ಆರಿಸಿ, ಭಾಷಣವನ್ನು ತಾವೇ ತೆಲುಗಿನಲ್ಲಿ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಜೊತೆಗೆ ಪರದೆಯ ಮೇಲೆ ತೋರಿಸುವ ಫೋಟೋ.

ಆ ಭಾನುವಾರ ಭಾರ್ಗವಿ ಊರಿನಲ್ಲಿದ್ದಳು. ಊಟಕ್ಕೆ ಕೂತಾಗ ಅಪ್ಪ ಓದಿ ಹೇಳು ಅಂದ. ಅವಳು ತೆಲುಗಿನಲ್ಲಿದ್ದುದನ್ನು ಮನೆಮಾತು ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತಾ ಹೋದಳು. ನಾನು ಬರಗಾಲದಲ್ಲಿ ಬೆಂದ ನೆಲದಿಂದ ಬಂದವಳು. ನನ್ನ ತಂದೆ ಸಾಲದಲ್ಲಿ ಮುಳುಗಿದ ರೈತ. ನನ್ನನ್ನು ಹದಿನೆಂಟಕ್ಕೇ ಮದುವೆ ಮಾಡಿ ಕೈ ತೊಳೆದುಕೊಳ್ಳಬೇಕೆಂದಿದ್ದರು. ಈ ಸಂಸ್ಥೆ ಬಾರದಿದ್ದರೆ ನಾನು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ. ಅಷ್ಟಕ್ಕೆ ಅವಳ ದನಿ ಸಣ್ಣಗಾಯಿತು. ಹೋದ ವರ್ಷ ಹೆಣ್ಣು ನೋಡಲು ಬಂದವರನ್ನು, ಪರೀಕ್ಷೆ ಇದೆ ಅಂತ ಟೀ ಕುಡಿಸಿ ವಾಪಸು ಕಳಿಸಿದವನು ಎದುರಿಗೆ ಕೂತಿದ್ದ ಇದೇ ಅಪ್ಪ.

ಓಬುಳಪತಿ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಸಾಲ ಅಂತ ಯಾರ್ ಹೇಳುದ್ರು ಅವ್ರಿಗೆ? ನೀನ್ ಹೇಳುದ್ಯಾ?"

ಇಲ್ಲಪ್ಪ ಅಂದಳು. ಫೋಟೋ ತೋರಿಸು ಅಂದ. ತೋರಿಸಿದಳು. ಅವನು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ನನ್ ಕುರಿ ಒಂದೂ ಇಲ್ವಲ್ಲಮ್ಮ ಇದ್ರಾಗೆ" ಅಂದ.

ಕೈ ತೊಳೆದು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಲಕ್ಷ್ಮಕ್ಕ ಗಂಡ ಹೋದ ದಿಕ್ಕು ನೋಡಿ, ಆಮೇಲೆ ಮಗಳಿಗೆ ಬುದ್ಧಿ ಹೇಳಿದಳು. ಎರಡು ನಿಮಿಷದ ಮಾತು, ಯಾರೋ ಗುರುತಿಲ್ಲದವರ ಮುಂದೆ, ಓದಿಬಿಟ್ಟು ಬಂದರೆ ಇನ್ನಾರು ತಿಂಗಳು ಸಂಬಳ ಸಿಗುತ್ತದೆ, ನಿನ್ನ ಬಸ್ಸೂ ಆಗುತ್ತದೆ. ಲಕ್ಷ್ಮಕ್ಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಆರು ತಿಂಗಳು ಭಾರ್ಗವಿಗೆ ಬೇಕೇ ಬೇಕಿತ್ತು. ಸ್ವಂತ ದುಡ್ಡಿನಲ್ಲಿ ಓಡಾಡುವುದು, ಯಾರನ್ನೂ ಕೇಳದೆ ಪುಸ್ತಕ ಕೊಳ್ಳುವುದು ಅವಳಿಗೆ ರುಚಿ ಹತ್ತಿತ್ತು. ಅಪ್ಪ ಕೇಳಿದ ಪ್ರಶ್ನೆ ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ನೀನ್ ಹೇಳುದ್ಯಾ ಅಂತ ಅವನು ಮಗಳನ್ನೇ ಕೇಳಬೇಕಾಯಿತಲ್ಲ.

ಶನಿವಾರ ಫೋನಿನಲ್ಲಿ ಎಲ್ಲ ಹೇಳಿದಳು. ನಿಮ್ಮ ಮನೆ ವಿಷಯ ಜಯಚಂದ್ರ ಕೇಳಿದಾಗ ನಾನೇ ಹೇಳಿದ್ದು ಅಂತ ರಮಾದೇವಿ ಒಪ್ಪಿಕೊಂಡರು. ಎಂಬತ್ತಾರು ಕುರಿ ಇವೆ ಅಂತಲೂ ಹೇಳಿದ್ದರಂತೆ. ಬರೆಯುವಾಗ ಅವು ಬಿದ್ದುಹೋಗಿ, ಯಾರೂ ಹೇಳದ ಸಾಲ ಸೇರಿಕೊಂಡಿತ್ತು.

"ಈಗ ನೀನೇನು ಮಾಡ್ತೀಯಮ್ಮ?"

"ಓದಲ್ಲ ಮೇಡಂ."

"ಓದ್ದಿದ್ರೆ ಏನಾಗ್ತದೆ ಗೊತ್ತಾ?"

"ಮುಂದಿಂದು ಕೊಡಲ್ಲ. ಗೊತ್ತು."

ಕಾರ್ಯಕ್ರಮದ ಹಿಂದಿನ ದಿನ ಭಾರ್ಗವಿ ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಹಿಂದೂಪುರ ತಲುಪಿದಳು. ಸಂಸ್ಥೆಯ ಆಫೀಸು ಹುಣಿಸೆಹಣ್ಣಿನ ಮಂಡಿಗಳ ಬೀದಿಯಲ್ಲಿತ್ತು. ಕಿಟಕಿ ತೆಗೆದರೆ ಹುಳಿ ವಾಸನೆ ಒಳಗೆ ಬರುತ್ತಿತ್ತು. ಉಳಿದ ಹನ್ನೊಂದು ಜನ ಕುರ್ಚಿ ಜೋಡಿಸುತ್ತಿದ್ದರು. ಜಯಚಂದ್ರ ಮೈಕು ಅವಳ ಕೈಗೆ ಕೊಟ್ಟು, ಒಂದು ಸಲ ಓದು ನೋಡೋಣ ಅಮ್ಮಾಯಿ ಅಂದರು. ಅವಳು ಮೈಕನ್ನು ಮೇಜಿನ ಮೇಲಿಟ್ಟಳು. ಇದರಲ್ಲಿ ಇರುವುದು ನಿಜವಲ್ಲ ಸಾರ್, ನಮ್ಮಪ್ಪನಿಗೆ ಸಾಲವಿಲ್ಲ, ನಾನು ಬಸ್ಸಿನ ಬಗ್ಗೆ ಮಾತಾಡುತ್ತೇನೆ ಅಂದಳು.

ಜಯಚಂದ್ರ ಮೊದಲು ಸಮಾಧಾನದಿಂದಲೇ ತಿಳಿಸಿ ಹೇಳಿದರು. ಬರುವವರು ಬಸ್ಸಿನ ಟೈಮು ಕೇಳಲು ಬರುತ್ತಿಲ್ಲ, ಒಂದು ಹುಡುಗಿಯ ಬದುಕು ಬದಲಾದದ್ದನ್ನು ನೋಡಲು ಬರುತ್ತಿದ್ದಾರೆ. ಈ ಭಾಷಣದಿಂದ ಮುಂದಿನ ವರ್ಷ ಇಪ್ಪತ್ತು ಮಕ್ಕಳಿಗೆ ಇಂಟರ್ನ್‌ಶಿಪ್ ಸಿಗುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಹೇಳಿದರೆ ಯಾರಿಗೆ ನಷ್ಟ? ಎಲ್ಲೋ ಒಬ್ಬ ರೈತನಿಗೆ ಸಾಲ ಇದ್ದೇ ಇರುತ್ತದಲ್ಲ? ಅವಳು ಕೇಳಿಸಿಕೊಂಡಳು. ಕುರ್ಚಿ ಎಳೆಯುತ್ತಿದ್ದವರೆಲ್ಲ ನಿಂತಲ್ಲೇ ನಿಂತಿದ್ದರು.

"ನಿನಗೆ ಸಂಬಳ ಬರ್ತಿದೆ, ಕೋಚಿಂಗ್ ಸಿಕ್ತಿದೆ. ಇಷ್ಟು ಮಾಡೋಕಾಗಲ್ವಾ?" ಅಂದರು ಕೊನೆಗೆ, ಬೇಸರದಿಂದ.

ಮೇಜಿನ ಮೇಲಿದ್ದ ಮೈಕನ್ನು ಭಾರ್ಗವಿ ಅವರ ಕಡೆಗೆ ಸರಿಸಿದಳು.

"ನೀವು ಸಂಬಳ ಕೊಟ್ಟಿದ್ದು ನಾನು ಮಾಡಿದ ಕೆಲಸಕ್ಕೆ ಸಾರ್. ಕೆಲಸ ಮಾಡಿದ್ದೀನಿ. ನಮ್ಮಪ್ಪನ್ನ ಮಾರಿಲ್ಲ."

ಜಯಚಂದ್ರ ಜೇಬಿನಿಂದ ಪೆನ್ನು ತೆಗೆದು, ಕಾರ್ಯಕ್ರಮದ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು. ನಾಳೆ ಸಭೆಯಲ್ಲಿ ಕೂತು ನೋಡು, ಮಾತು ಬೇಡ ಅಂದರು.

ಮಾರನೇ ದಿನ ಓಬುಳಪತಿ ಬಂದೇಬಿಟ್ಟ. ಮಕ್ಕಳ ತಂದೆತಾಯಿಗಳನ್ನೆಲ್ಲ ಕರೆದಿದ್ದರು. ಭಾಷಣ ರದ್ದಾದ ವಿಷಯ ಹೇಳಿ ಅವನನ್ನು ತಡೆಯಬೇಕು ಅಂತ ಭಾರ್ಗವಿ ಬೆಳಿಗ್ಗೆ ಫೋನು ಮಾಡುವಷ್ಟರಲ್ಲಿ ಅವನು ಬಸ್ಸಿನಲ್ಲಿದ್ದ. ಅದೇ ಬಿಳಿ ಪಂಚೆ, ಅದೇ ಇಸ್ತ್ರಿ ಶರಟು. ಮೂರನೇ ಸಾಲಿನಲ್ಲಿ ಕೂತ.

ಕಾರ್ಯಕ್ರಮ ನಡೆಸಿಕೊಡುವವರು ರಮಾದೇವಿ. ಪ್ರಾರ್ಥನೆ ಆಯಿತು, ಸನ್ಮಾನ ಆಯಿತು. ಜಯಚಂದ್ರ ಸಂಸ್ಥೆಯ ಬಗ್ಗೆ ಮಾತಾಡಿದರು. ಪರದೆಯ ಮೇಲೆ ಒಂದಾದ ಮೇಲೊಂದು ಫೋಟೋ ಬಂತು. ಭಾಷಣ ರದ್ದಾಗಿದ್ದರೂ ಅದರ ಜೊತೆಗಿನ ಫೋಟೋವನ್ನು ತೆಗೆದುಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಇದ್ದಕ್ಕಿದ್ದಂತೆ ಹತ್ತು ಅಡಿ ಎತ್ತರದ ಓಬುಳಪತಿ ಹರಕು ಅಂಗಿಯಲ್ಲಿ, ಕುಸಿದ ದೊಡ್ಡಿಯ ಮುಂದೆ, ನೆಲ ನೋಡುತ್ತಾ ಕೂತಿದ್ದ. ಸಭೆಯಲ್ಲಿ ಯಾರೋ ಅಯ್ಯೋ ಪಾಪ ಅಂದರು. ಮೂರನೇ ಸಾಲಿನಲ್ಲಿ ಓಬುಳಪತಿ ಶರಟಿನ ಕಾಲರು ಸರಿಮಾಡಿಕೊಂಡ, ಮತ್ತೆ ಸರಿಮಾಡಿಕೊಂಡ. ಪಕ್ಕದಲ್ಲಿ ಕೂತವನು ಒಮ್ಮೆ ಪರದೆ ನೋಡಿ, ಒಮ್ಮೆ ಅವನ ಮುಖ ನೋಡಿದ.

ರಮಾದೇವಿ ಅದನ್ನು ವೇದಿಕೆಯ ಮೇಲಿಂದ ಕಂಡರು. ಕೈಯಲ್ಲಿದ್ದ ಪಟ್ಟಿಯಲ್ಲಿ ಮುಂದೆ ಬೇರೆ ಯಾರದೋ ಹೆಸರಿತ್ತು. ಪಟ್ಟಿಯನ್ನು ಮಡಚಿದರು.

"ಈಗ ಕಲ್ಯಾಣದುರ್ಗದ ಭಾರ್ಗವಿ ಮಾತಾಡ್ತಾರೆ" ಅಂದರು.

ಜಯಚಂದ್ರ ತಟ್ಟನೆ ತಿರುಗಿ ನೋಡಿದರು. ರಮಾದೇವಿ ಅವರ ಕಡೆ ನೋಡದೆ ಮೈಕಿನ ಎತ್ತರವನ್ನು ಭಾರ್ಗವಿಗೆ ಸರಿಯಾಗುವಂತೆ ಇಳಿಸುತ್ತಿದ್ದರು.

ಭಾರ್ಗವಿ ಮೇಲೆ ಹೋದಳು. ಮೊದಲು, ದಯವಿಟ್ಟು ಆ ಫೋಟೋ ಆಫ್ ಮಾಡಿ ಅಂದಳು. ಕಂಪ್ಯೂಟರಿನ ಮುಂದೆ ಕೂತವನು ಜಯಚಂದ್ರರ ಮುಖ ನೋಡಿದ. ಅವಳು ಕಾದಳು. ಆಫ್ ಮಾಡುವ ತನಕ ಒಂದು ಮಾತೂ ಆಡಲಿಲ್ಲ. ಪರದೆ ಬೆಳ್ಳಗಾದ ಮೇಲೆ ತೆಲುಗಿನಲ್ಲಿ ಶುರುಮಾಡಿದಳು. ಅಲ್ಲಿ ಕೂತಿದ್ದಾರಲ್ಲ, ಬಿಳಿ ಶರಟು, ಅವರೇ ನಮ್ಮಪ್ಪ. ಎಂಬತ್ತಾರು ಕುರಿ ಸಾಕಿದ್ದಾರೆ. ಅವರಿಗೆ ಸಾಲವಿಲ್ಲ. ಓದು ಬಿಡು ಅಂತ ನನಗೆ ಯಾವತ್ತೂ ಹೇಳಿಲ್ಲ. ನೀವು ನನಗೆ ಪಾಪ ಅನ್ನಬೇಕಾಗಿಲ್ಲ. ನಾನು ಮಾಡಿದ ಕೆಲಸ ಹೇಳುತ್ತೇನೆ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ.

ಆಮೇಲೆ ಬಸ್ಸಿನ ಬಗ್ಗೆ ಹೇಳಿದಳು. ಬಿಟ್ಟುಹೋದ ಒಂಬತ್ತು ಹುಡುಗಿಯರ ಹೆಸರು ಒಂದೊಂದಾಗಿ ಹೇಳಿದಳು. ಕಟ್ಟೆಯ ಮೇಲೆ ಕೂತು ಕಾಯುವ ಹೆಂಗಸರ ಬಗ್ಗೆ, ಅರವತ್ತೊಂದು ಸಹಿಯ ಬಗ್ಗೆ ಹೇಳಿದಳು. ಬಸ್ಸಿನ ಟೈಮು ಇನ್ನೂ ಬದಲಾಗಿಲ್ಲ, ಐದು ತಿಂಗಳಲ್ಲಿ ನನ್ನ ಕೈಲಾದದ್ದು ಇಷ್ಟೇ, ಆದರೆ ಬಿಟ್ಟಿಲ್ಲ ಅಂತಲೂ ಹೇಳಿದಳು. ಚಪ್ಪಾಳೆ ದೊಡ್ಡದಾಗೇನೂ ಬರಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹೈದರಾಬಾದಿನಿಂದ ಬಂದಿದ್ದ ಒಬ್ಬ ಹೆಂಗಸು ಮಾತ್ರ ಕೈ ಎತ್ತಿ, ಬುಟ್ಟಿ ಹೆಂಗಸರನ್ನು ಕೇಳಬೇಕು ಅಂತ ನಿನಗೆ ಯಾರು ಹೇಳಿಕೊಟ್ಟರು ಅಂತ ಕೇಳಿದರು. ಯಾರೂ ಹೇಳಿಕೊಡಲಿಲ್ಲ, ಇನ್ನೂ ಯಾರನ್ನ ಕೇಳಿಲ್ಲ ಅಂತ ನಮ್ಮ ಕೋಚ್ ಕೇಳುತ್ತಲೇ ಇದ್ದರು ಅಂದಳು. ಆಕೆ ಅದನ್ನು ಬರೆದುಕೊಂಡರು.

ಊಟದ ಹೊತ್ತಿನಲ್ಲಿ ಜಯಚಂದ್ರ ಭಾರ್ಗವಿಯನ್ನು ದಾಟಿಕೊಂಡು ಅತಿಥಿಗಳ ಕಡೆ ಹೋದರು. ಓಬುಳಪತಿ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡ. ಪಕ್ಕದಲ್ಲಿ ಕೂತಿದ್ದವನು ಕುರಿ ವ್ಯಾಪಾರದ ಬಗ್ಗೆ ಕೇಳಿದ್ದಕ್ಕೆ, ಟಗರು ಹೇಗೆ ಆರಿಸಬೇಕು ಅಂತ ಬಹಳ ಹೊತ್ತು ವಿವರಿಸಿದ. ವಾಪಸು ಹೋಗುವಾಗ ಬಸ್ಸಿನಲ್ಲಿ ಅವನು ಭಾಷಣದ ಮಾತೇ ಎತ್ತಲಿಲ್ಲ. ಪೆನುಕೊಂಡ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು, "ಆ ಹೆಣ್ಮಕ್ಕಳ ಹೆಸ್ರೆಲ್ಲ ಬಾಯಿಗೇ ಬತ್ತದಲ್ಲಮ್ಮ ನಿಂಗೆ" ಅಂದ. ಅಷ್ಟೇ.

ಮುಂದಿನ ಆರು ತಿಂಗಳ ಪಟ್ಟಿಯಲ್ಲಿ ಭಾರ್ಗವಿಯ ಹೆಸರು ಬರಲಿಲ್ಲ. ತಂಡದ ಜೊತೆ ಹೊಂದಿಕೊಳ್ಳುವುದಿಲ್ಲ ಅಂತ ಕಾರಣ ಬರೆದಿದ್ದರು. ಅದನ್ನು ಓದಿದ ದಿನ ಅವಳು ಅತ್ತಳು. ಲಕ್ಷ್ಮಕ್ಕನೂ ನಾನು ಹೇಳಲಿಲ್ಲವೆ ಅನ್ನಲಿಲ್ಲ. ರಮಾದೇವಿಗೂ ಜಯಚಂದ್ರ ಎರಡು ಮಾತು ಅಂದರಂತೆ. ಅವರು, ನಾಯಕತ್ವ ಕಲಿಸಿ ಅಂತ ಕರೆದವರು ನೀವೇ, ಕಲಿತು ಎದುರಿಗೆ ನಿಂತರೆ ಬೇಡ ಅಂದರೆ ಹೇಗೆ ಅಂತ ಕೇಳಿ, ಮರುದಿನವೂ ಕೆಲಸಕ್ಕೆ ಹೋದರು. ಶನಿವಾರದ ಫೋನನ್ನೂ ನಿಲ್ಲಿಸಲಿಲ್ಲ. ಇದು ಸಂಸ್ಥೆಯ ಹೊತ್ತಲ್ಲ, ನನ್ನ ಹೊತ್ತು ಅಂದರು.

ಭಾರ್ಗವಿ ಚೌಡಣ್ಣನ ಬಳಿ ಹೋಗುವುದನ್ನು ಬಿಡಲಿಲ್ಲ. ಮೇ ತಿಂಗಳಲ್ಲಿ ಒಬ್ಬಳೇ ಹೋಗದೆ, ಬುಟ್ಟಿ ಹೆಂಗಸರಲ್ಲಿ ಎಂಟು ಜನರನ್ನು ಕರೆದುಕೊಂಡು ಹೋದಳು. ಅವರಲ್ಲಿ ಹಿರಿಯಳಾದ ಪೋಲಮ್ಮ, ಹೂವು ಮಾರುವವಳು, ಹೋಟೆಲಿನ ಬಾಗಿಲಲ್ಲೇ ಬುಟ್ಟಿ ಇಳಿಸಿ ಕೂತಳು. ನೀನು ಐದೂ ಕಾಲಿಗೆ ಬಿಡದಿದ್ದರೆ ನಾವು ಎಂಟು ಜನ ಸೇರಿ ಆಟೋ ಮಾತಾಡಿಕೊಳ್ಳುತ್ತೇವೆ, ಏಳೂವರೆಯದಕ್ಕೂ ಹತ್ತುವುದಿಲ್ಲ ಅಂದಳು. ಆ ಮಾತು ಕಾಗದಕ್ಕಿಂತ ಬೇಗ ಕೆಲಸ ಮಾಡಿತು. ಪರ್ಮಿಟ್ಟಿಗೆ ಅರ್ಜಿ ಬರೆಯಲು ಚೌಡಣ್ಣ ಭಾರ್ಗವಿಯನ್ನೇ ಕೂರಿಸಿದ. ಜೂನ್ ಕೊನೆಯ ಸೋಮವಾರದಿಂದ ಬಸ್ಸು ಐದೂ ಕಾಲಿಗೆ ಹೊರಟಿತು. ಆ ವರ್ಷ ಕುಂದುರ್ಪಿ ದಾರಿಯಿಂದ ಹದಿನಾಲ್ಕು ಹುಡುಗಿಯರು ಬಿ.ಎಸ್ಸಿ.ಗೆ ಸೇರಿದರು. ಅವರಲ್ಲಿ ಎಷ್ಟು ಜನ ಉಳಿಯುತ್ತಾರೋ ಮುಂದಿನ ವರ್ಷ ಗೊತ್ತಾಗಬೇಕು.

ಆಗಸ್ಟ್‌ನಲ್ಲಿ ಜಯಚಂದ್ರರ ಫೋನು ಬಂತು. ಇನ್ನೂ ಮೂವರು ಇಂಟರ್ನ್‌ಗಳ ಮನೆಯವರು ಬಂದು ತಮ್ಮ ಅಂಥ ಫೋಟೋಗಳನ್ನು ಅಳಿಸಿಹಾಕಿಸಿದ್ದರಂತೆ. ಹೈದರಾಬಾದಿನ ಆ ಹೆಂಗಸು ಹಣ ಕೊಟ್ಟಿದ್ದರು, ಆದರೆ ಬಸ್ಸಿನ ಕೆಲಸ ಮಾಡಿದ ಹುಡುಗಿ ಎಲ್ಲಿ ಅಂತ ಕೇಳಿದ್ದರು. ಇದನ್ನೆಲ್ಲ ಜಯಚಂದ್ರ ಸುತ್ತಿ ಬಳಸಿ ಹೇಳಿದರು. ಕ್ಷಮಿಸು ಅನ್ನಲಿಲ್ಲ, ಅದರ ಹತ್ತಿರ ಬಂದು ನಿಂತರು. ಹೊಸ ಬ್ಯಾಚಿಗೆ ಒಂದು ದಿನ ಬಂದು ನಿನ್ನ ಅನುಭವ ಹಂಚಿಕೋ ಅಂದರು. ಎಷ್ಟು ಕೊಡುತ್ತೀರಿ ಸಾರ್ ಅಂತ ಭಾರ್ಗವಿ ಕೇಳಿದಳು. ಅವರು, ಹಳೇ ವಿದ್ಯಾರ್ಥಿಗಳು ಪ್ರೀತಿಯಿಂದ ಬರುತ್ತಾರೆ ಅಂದರು.

"ಪ್ರೀತಿಯಿಂದಲೇ ಬರ್ತೀನಿ. ಬೇರೆ ತರಬೇತಿಯವ್ರಿಗೆ ಒಂದು ದಿನಕ್ಕೆ ಏನ್ ಕೊಡ್ತೀರೋ ಅದನ್ನೂ ಕೊಡಿ."

ಕೊಟ್ಟರು. ಅವಳು ಹೋದ ದಿನ ಆಫೀಸಿನಲ್ಲಿ ಹದಿನಾರು ಹೊಸಬರು ನೋಟ್‌ಬುಕ್ಕು ಬಿಚ್ಚಿಕೊಂಡು, ಗೋಡೆಗೆ ಒರಗಿ, ಅವಳ ಕತೆ ಕೇಳಲು ತಯಾರಾಗಿ ಕೂತಿದ್ದರು. ಅವಳು ತನ್ನ ಹೆಸರು, ಊರು ಹೇಳಿದಳು. ಈ ಬೀದಿಯ ಮಂಡಿಗಳಲ್ಲಿ ಹುಣಿಸೆ ಬೀಜ ತೆಗೆಯುವ ಹೆಂಗಸರಿದ್ದಾರಲ್ಲ, ಅವರು ಎಷ್ಟು ಗಂಟೆಗೆ ಮನೆ ಬಿಡುತ್ತಾರೆ, ಎಷ್ಟು ಗಂಟೆಗೆ ಮನೆ ಸೇರುತ್ತಾರೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಾ ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಏಳಿ, ಕೇಳಿಕೊಂಡು ಬರೋಣ ಅಂದಳು. ಹದಿನಾರು ಜನ ಚಪ್ಪಲಿ ಹುಡುಕಿಕೊಂಡು ಅವಳ ಹಿಂದೆ ಮೆಟ್ಟಿಲಿಳಿದರು. ಬಾಗಿಲಲ್ಲಿ ಜಯಚಂದ್ರ ಎದುರಾಗಿ, ಈಗಷ್ಟೇ ಟೀ ಬಂತು, ಎಲ್ಲಿಗೆ ಹೊರಟಿರಿ ಅಂದರು.

"ಕೆಲಸಕ್ಕೆ ಸಾರ್" ಅಂದಳು ಭಾರ್ಗವಿ. "ಟೀ ವಾಪಸ್ ಬಂದ್ಮೇಲೆ ಕುಡೀತೀವಿ."